ನಾಲ್ಕನೇ ಪ್ರಶ್ನೆ

ಟಿ.ಸಿ.ಎಚ್. ಓದಿ ಮೇಷ್ಟ್ರಾದವರನ್ನು ಯಾರನ್ನಾದರೂ ಕೇಳಿ ನೋಡಿ, ನಾಲ್ಕನೇ ಪ್ರಶ್ನೆ ಎಂದರೆ ಸಾಕು, ನಕ್ಕುಬಿಡುತ್ತಾರೆ. ಪಾಠಕ್ಕೆ ಮುಂಚೆ ಮಕ್ಕಳಿಗೆ ಮೂರು ಸುಲಭದ ಪ್ರಶ್ನೆ ಕೇಳಬೇಕು, ಮಕ್ಕಳು ಪಟಪಟ ಉತ್ತರ ಹೇಳಬೇಕು. ನಾಲ್ಕನೆಯದಕ್ಕೆ ಮಾತ್ರ ಉತ್ತರ ಗೊತ್ತಿಲ್ಲದೆ ಮಿಕಮಿಕ ನೋಡಬೇಕು. ಆಗ ಟೀಚರು ‘ಹಾಗಾದರೆ ಮಕ್ಕಳೇ, ಇವತ್ತು ಅದನ್ನೇ ಕಲಿಯೋಣ’ ಎಂದು ಬೋರ್ಡಿನ ಮೇಲೆ ಪಾಠದ ಹೆಸರು ಬರೆಯಬೇಕು. ಯಾವ ಪುಣ್ಯಾತ್ಮ ಮಾಡಿದ ಪದ್ಧತಿಯೋ! ಮಕ್ಕಳಿಗೆ ಉತ್ತರ ಗೊತ್ತಿದ್ದುಬಿಟ್ಟರೆ ಟೀಚರ ಗತಿಯೇನು ಎಂದು ಅವನು ಯೋಚಿಸಿದ ಹಾಗೆ ಕಾಣುವುದಿಲ್ಲ.

ತಹಸೀನಳಿಗೆ ಬಂದದ್ದು ಅದೇ ಗತಿ. ಆಗ ತೊಂಬತ್ತೆಂಟನೇ ಇಸವಿ. ಅವಳು ತುಮಕೂರಿನಲ್ಲಿ ಕೊನೇ ವರ್ಷದ ಟಿ.ಸಿ.ಎಚ್. ಓದುತ್ತಿದ್ದಳು. ಅಭ್ಯಾಸಕ್ಕೆಂದು ಕೊಟ್ಟಿದ್ದು ತನ್ನೂರು ಗುಬ್ಬಿಯದೇ ಒಂದು ಶಾಲೆಯ ನಾಲ್ಕನೇ ಕ್ಲಾಸನ್ನು. ಅವಳ ಅಪ್ಪ ಇಸಾಕ್ ಸಾಬ್ ಪೇಟೆಯಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು. ದಿಂಬು ಹಿಡಿದು ಬಂದವರಿಗೆಲ್ಲ ‘ನಮ್ ಹುಡ್ಗಿ ಮಿಸ್ ಆಗ್ತಾಳೆ ಕಣ್ರೀ’ ಎಂದು ಹೇಳಿದ್ದೇ ಹೇಳಿದ್ದು.

ಆದರೆ ಮೊದಲ ಪರೀಕ್ಷಾ ಪಾಠ ನೆಲಕಚ್ಚಿತ್ತು. ಹಸುವಿನ ಪಾಠದ ನಾಲ್ಕನೇ ಪ್ರಶ್ನೆಗೆ ಮುಂದಿನ ಸಾಲಿನ ದೀಪಿಕಾ ಎಂಬ ಮಾತಿನಮಲ್ಲಿ ಎದ್ದುನಿಂತು ಉತ್ತರ ಹೇಳಿದ್ದಲ್ಲದೆ, ತಮ್ಮ ಮನೆಯ ಹಸು ಸಂತೆಗೆ ಹೋದದ್ದು, ಹಗ್ಗ ಕಿತ್ತುಕೊಂಡು ವಾಪಸ್ಸು ಬಂದದ್ದು ಎಲ್ಲವನ್ನೂ ವರದಿ ಮಾಡಿದ್ದಳು. ಅದನ್ನು ಕೇಳಿ ಮಿಕ್ಕ ಮಕ್ಕಳ ಮನೆಯ ಎಮ್ಮೆ, ಮೇಕೆಗಳೆಲ್ಲ ಪಾಠದೊಳಕ್ಕೆ ನುಗ್ಗಿದವು. ಹಿಂದೆ ಕೂತಿದ್ದ ಉಪನ್ಯಾಸಕ ಮಹಾದೇವಯ್ಯನವರು ‘ಏನಮ್ಮಾ ಇದು, ಕ್ಲಾಸೋ ಸಂತೆಯೋ? ಇನ್ನೊಂದು ಪಾಠನೂ ಹಿಂಗೇ ಆದ್ರೆ ಫೇಲು, ವರ್ಷ ಪೂರ್ತಿ ಮತ್ತೆ ಓದ್ಬೇಕಾಗತ್ತೆ’ ಎಂದು ಎದ್ದುಹೋಗಿದ್ದರು.

ತಹಸೀನಳಿಗೆ ಫೇಲಾಗುವ ಭಯ ಇತ್ತು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಆವತ್ತು ಮಕ್ಕಳು ಹಾಗೆ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುವಾಗ ಅವಳಿಗೆ ಸಿಟ್ಟೇ ಬಂದಿರಲಿಲ್ಲ, ಖುಷಿಯಾಗಿತ್ತು! ಮಕ್ಕಳ ಗಲಾಟೆ ಕಂಡರೆ ಖುಷಿಪಡುವವಳು ಟೀಚರಾಗಲು ಲಾಯಕ್ಕೇ? ಯೋಚಿಸಿದಷ್ಟೂ ಅವಳಿಗೆ ಅಳು ಬರುತ್ತಿತ್ತು.

ಹಿಂದಿನ ವರ್ಷ ಪಾಸಾಗಿ ಹೋಗಿದ್ದ ಸೀನಿಯರ್ ವನಜಾ ಒಂದು ದಾರಿ ತೋರಿಸಿದಳು. ‘ಅಯ್ಯೋ ದಡ್ಡಿ, ಎಲ್ರೂ ಮಾಡೋದೇ ಕಣೇ. ಹಿಂದಿನ ದಿನಾನೇ ಪಾಠ ಮಾಡ್ಬುಡು. ನಾಕನೇ ಪ್ರಶ್ನೆಗೆ ಏನನ್ಬೇಕು ಅಂತ ಗಿಣಿಗೆ ಹೇಳ್ಕೊಟ್ಟಂಗೆ ಹೇಳ್ಕೊಡು.’

ತಹಸೀನ್ ಹಾಗೇ ಮಾಡಿದಳು. ಪಾಠ ಗಾಳಿಯದು. ‘ನೋಡ್ರೋ, ನಾಳೆ ಖಾಲಿ ಲೋಟ ತೋರಿಸಿ ಒಳಗೇನಿದೆ ಅಂತ ಕೇಳ್ತೀನಿ. ಗಾಳಿ ಅಂತ ಯಾರೂ ಬಾಯಿ ಬಿಡಂಗಿಲ್ಲ. ಗೊತ್ತಿಲ್ಲ ಮಿಸ್ ಅನ್ನಬೇಕು. ದೀಪಿಕಾ, ನಿಂಗೇ ಹೇಳ್ತಿರೋದು ಕಣೇ. ಬಾಯಿ ಬಿಟ್ಯೋ, ನಾನು ಫೇಲು!’

ದೀಪಿಕಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದಳು. ಮಿಸ್ ಫೇಲಾಗುವುದೆಂದರೇನು, ಸಣ್ಣ ಮಾತೇ?

ಮಾರನೇ ದಿನ ಕುಣಿಗಲ್ ಕಡೆಯಿಂದ ಸಿದ್ದಲಕ್ಷ್ಮಮ್ಮ ಎಂಬ ಪರೀಕ್ಷಕಿ ಬಂದರು. ಗಟ್ಟಿ ಆಳು, ನಗುವಿನ ಸುಳಿವಿಲ್ಲದ ಮುಖ. ಮಹಾದೇವಯ್ಯನವರ ಪಕ್ಕ ಹಿಂದಿನ ಬೆಂಚಿನಲ್ಲಿ ಕೂತರು. ಕ್ಲಾಸೋ, ಅಬ್ಬಬ್ಬಾ, ಕೈಕಟ್ಟಿ ಕೂತ ಮಕ್ಕಳ ಉಸಿರೂ ಕೇಳಿಸುತ್ತಿರಲಿಲ್ಲ. ಮೂರು ಪ್ರಶ್ನೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿದವು. ತಹಸೀನ್ ಲೋಟ ಎತ್ತಿ ಹಿಡಿದಳು.

‘ಮಕ್ಕಳೇ, ಈ ಲೋಟದ...’

‘ಗೊತ್ತಿಲ್ಲ ಮಿಸ್!’

ಪ್ರಶ್ನೆ ಮುಗಿಯುವ ಮುಂಚೆಯೇ ಇಡೀ ಕ್ಲಾಸು ಕೂಗಿತ್ತು. ಎಲ್ಲರ ಮುಖದಲ್ಲೂ ಗೆದ್ದ ಸಂಭ್ರಮ. ಸಿದ್ದಲಕ್ಷ್ಮಮ್ಮನವರು ಹುಬ್ಬೇರಿಸಿದರು. ಎದ್ದು ಮುಂದೆ ಬಂದು ದೀಪಿಕಾಳ ಎದುರು ನಿಂತರು.

‘ನಿನ್ ಹೆಸ್ರೇನ್ ಪುಟ್ಟಾ?’

ದೀಪಿಕಾ ಒಮ್ಮೆ ತಹಸೀನಳನ್ನು ನೋಡಿದಳು. ಮಿಸ್‌ಗೆ ಕೊಟ್ಟ ಮಾತು ಮಾತೇ. ‘ಗೊತ್ತಿಲ್ಲ ಮಿಸ್!’

‘ನಿಮ್ಮಪ್ಪನ ಹೆಸ್ರು?’

‘ಗೊತ್ತಿಲ್ಲ ಮಿಸ್!’ ಎಂದಿತು ಆ ಕೂಸು. ಆದರೆ ಈ ಸಲ ಅದರ ಕಣ್ಣಲ್ಲಿ ನೀರು ತುಂಬಿತ್ತು.

ಮಹಾದೇವಯ್ಯನವರು ಹಣೆ ಚಚ್ಚಿಕೊಂಡರು. ತಹಸೀನಳಿಗೆ ಮಾತ್ರ ಆ ಕಣ್ಣೀರು ಕಂಡು ಪರೀಕ್ಷೆಯೇ ಮರೆತುಹೋಯಿತು. ಹಸುವಿನ ಕಥೆಯನ್ನು ಅಷ್ಟುದ್ದ ಹೇಳಿದ ಹುಡುಗಿ, ತಹಸೀನಳ ದೆಸೆಯಿಂದ ತನ್ನ ಹೆಸರನ್ನೇ ನುಂಗಿಕೊಂಡು ನಿಂತಿದ್ದಾಳೆ. ಛೀ, ಇದೆಂಥ ಪಾಸು!

‘ಮೇಡಂ, ಮಕ್ಕಳದೇನೂ ತಪ್ಪಿಲ್ಲ. ನಾನೇ ಹಾಗನ್ನೋಕೆ ಹೇಳ್ಕೊಟ್ಟೆ’ ಎಂದಳು. ಆಮೇಲೆ ಮಕ್ಕಳ ಕಡೆ ತಿರುಗಿ, ‘ನಿನ್ನೆ ಹೇಳಿದ್ದೆಲ್ಲ ಬಿಟ್ಟಾಕ್ರೋ. ಗೊತ್ತಿರೋದನ್ನ ಜೋರಾಗಿ ಹೇಳಿ. ಲೋಟದೊಳಗೆ ಏನಿದೆ?’

‘ಗಾಳಿ ಮಿಸ್!’ ಹೆಂಚು ಹಾರುವುದೊಂದು ಬಾಕಿ.

ಅಪ್ಪನ ಅಂಗಡಿಯಿಂದ ತಂದ ಹತ್ತಿಯ ಮುದ್ದೆಯನ್ನು ತಹಸೀನ್ ಲೋಟದ ತಳಕ್ಕೆ ಒತ್ತಿ, ಲೋಟ ಬೋರಲು ಮಾಡಿ ಬಕೆಟ್ಟಿನ ನೀರಿಗೆ ನೆಟ್ಟಗೆ ಇಳಿಸಿದಳು. ಎತ್ತಿದರೆ ಹತ್ತಿ ಒಂಚೂರೂ ಒದ್ದೆಯಾಗಿಲ್ಲ! ಒಳಗಿನ ಗಾಳಿ ನೀರಿಗೆ ಜಾಗ ಬಿಟ್ಟಿರಲಿಲ್ಲ. ಮಕ್ಕಳು ಬೆಂಚು ಬಿಟ್ಟು ಬಕೆಟ್ಟಿಗೆ ಮುತ್ತಿಕೊಂಡರು. ಅದುವರೆಗೆ ಮೂಲೆಯಲ್ಲಿದ್ದ ಕಿರಣ್‌ಕುಮಾರ ಹತ್ತಿಯನ್ನು ಹಿಸುಕಿ ನೋಡಿ ಕೇಳಿದ: ‘ಮಿಸ್, ನಮ್ಮನೆ ಹಾಸಿಗೆ ರೊಟ್ಟಿ ಥರ ಆಗಿತ್ತು. ನಿಮ್ಮಪ್ಪ ಅದೇ ಹತ್ತಿ ಹಿಂಜಿ ಕೊಟ್ಟಮೇಲೆ ಇಷ್ಟೆತ್ರ ಆಗೋಯ್ತು. ಒಳಗೆ ಏನ್ ಸೇರ್ಕಳ್ತು ಮಿಸ್?’

ತಹಸೀನ್ ಆ ಹತ್ತಿಯ ನಡುವೆಯೇ ಆಡಿ ಬೆಳೆದವಳು. ಒಂದು ದಿನವೂ ಈ ಪ್ರಶ್ನೆ ಹೊಳೆದಿರಲಿಲ್ಲ.

‘ಗೊತ್ತಿಲ್ಲ ಕಣೋ’ ಎಂದಳು.

ಮಿಸ್‌ಗೂ ಗೊತ್ತಿಲ್ಲವೇ? ಎದ್ದಿತು ನೋಡಿ ಕೇಕೆ!

‘ಹಿಂಜೋಣ ಬನ್ರೋ, ನೋಡೇಬಿಡೋಣ’ ಎಂದು ತಹಸೀನ್ ಆ ಮುದ್ದೆಯನ್ನು ಚೂರು ಚೂರು ಹಂಚಿದಳು. ಪುಟ್ಟ ಬೆರಳುಗಳು ಎಳೆ ಬಿಡಿಸಿದಂತೆ ಹತ್ತಿ ಉಬ್ಬಿತು. ಹಿಂಜಿದ್ದನ್ನೆಲ್ಲ ಮತ್ತೆ ಲೋಟಕ್ಕೆ ತುಂಬಹೋದರೆ ಅರ್ಧವೂ ಹಿಡಿಯಲೊಲ್ಲದು. ‘ಇದ್ರಲ್ಲೂ ಗಾಳಿನೇ ಮಿಸ್, ಗಾಳಿನೇ!’ ಎಂದು ಕಿರಣ ಕುಣಿದ. ‘ನಮ್ಮಪ್ಪ ಇಷ್ಟು ವರ್ಷ ಹಾಸಿಗೆಗೆ ಗಾಳಿ ತುಂಬ್ತಿದ್ರಾ!’ ಎಂದು ತಹಸೀನ್ ಮಕ್ಕಳಿಗಿಂತ ಜೋರಾಗಿ ನಕ್ಕಳು. ಒಂದು ಚೂರು ಹತ್ತಿ ಸಿದ್ದಲಕ್ಷ್ಮಮ್ಮನವರ ಕೈಯಲ್ಲೂ ಇತ್ತು. ಅವರು ಬಿಡಿಸುತ್ತಲೇ ಇದ್ದರು.

ಬೆಲ್ಲು ಹೊಡೆಯಿತು. ಮಹಾದೇವಯ್ಯನವರು ‘ಕ್ಷಮಿಸಿ ಮೇಡಂ, ವಿಪರೀತ ಗಲಾಟೆ...’ ಎಂದು ಶುರುಮಾಡಿದರು.

‘ಹೂಂ, ಗಲಾಟೆನೇ. ಆದ್ರೆ ಪಾಠದ್ದೇ ಗಲಾಟೆ ಅಲ್ವೇನ್ರಿ?’ ಎಂದ ಪರೀಕ್ಷಕಿ ತಹಸೀನಳ ಕಡೆ ತಿರುಗಿದರು. ‘ನೋಡಮ್ಮ, ಉರು ಹೊಡೆಸಿದ್ದಕ್ಕೆ ಮಾರ್ಕ್ಸ್ ಕಳೀತೀನಿ, ಬೇಜಾರ್ ಮಾಡ್ಕೋಬೇಡ. ಉಳಿದಿದ್ದಕ್ಕೆ ಧಾರಾಳವಾಗಿ ಕೊಡ್ತೀನಿ. ಪಾಸಾಗ್ತೀಯ.’

ತಹಸೀನ್ ಕಣ್ಣು ತುಂಬಿಕೊಂಡು ಕೈಮುಗಿದಳು. ಸಿದ್ದಲಕ್ಷ್ಮಮ್ಮನವರು ಬಾಗಿಲ ಬಳಿ ನಿಂತು ಮತ್ತೆ ದೀಪಿಕಾಳನ್ನು ನೋಡಿದರು. ‘ಈಗ್ಲಾದ್ರೂ ಹೇಳೇ, ನಿನ್ ಹೆಸ್ರೇನು?’

ದೀಪಿಕಾ ಮಿಸ್ ಮುಖ ನೋಡಿದಳು. ತಹಸೀನ್ ಕಣ್ಣೊರೆಸಿಕೊಂಡು ತಲೆಯಾಡಿಸಿದಳು.

‘ದೀಪಿಕಾ ಮಿಸ್! ನಮ್ಮಪ್ಪ ಕರಿಬಸವಯ್ಯ! ನಮ್ ಹಸ ಕರು ಹಾಕೈತೆ ಮಿಸ್, ಹಣೆ ಮೇಲೆ ಬಿಳೀ ಬೊಟ್ಟು, ನಂಗೊಬ್ಳಿಗೇ ಮುಟ್ಟಕ್ ಬಿಡೋದು...’

ಪರೀಕ್ಷಕಿ ಹಿಡಿದಿದ್ದ ಬ್ಯಾಗನ್ನು ಮೇಜಿನ ಮೇಲಿಟ್ಟು ಬೆಂಚಿನ ತುದಿಯಲ್ಲಿ ಕೂತರು. ‘ಆಮೇಲೆ?’ ಎಂದರು.