ಚಾನೆಲ್ ಹಂಚಲು ಬಂದ ಕುವಾಮೊಟೊ

ಕುವಾಮೊಟೊ ಮನುಷ್ಯರ ಮುಖಕ್ಕಿಂತ ಮೊದಲು ಅವರ ಮನೆಯ ಮಾಡನ್ನು ನೋಡುತ್ತಿದ್ದರು. ನಮ್ಮ ದ್ವೀಪದ ದೋಣಿಕಟ್ಟೆಯಲ್ಲಿ ಇಳಿದವರೇ ಕೊಕ್ಕರೆಯಂತೆ ಕತ್ತೆತ್ತಿ, ಹೆಂಚಿನ ಮೇಲಿನ ಆಂಟೆನಾಗಳನ್ನು ಒಂದೊಂದಾಗಿ ಓದುತ್ತ, ಎದುರಾದ ಸೈಕಲ್ಲಿಗೂ ಒಣಗಲು ತೂಗುಹಾಕಿದ ಆಕ್ಟೋಪಸ್ಸಿಗೂ ಸಮಾನ ಗೌರವದಿಂದ ಢಿಕ್ಕಿ ಹೊಡೆದು, ಎರಡರ ಬಳಿಯೂ ತಲೆಬಾಗಿ ಕ್ಷಮೆ ಕೇಳಿ ಮುಂದೆ ಹೋಗುವರು. ಉರಿಬಿಸಿಲಿನಲ್ಲೂ ಬಿಡದ ಅವರ ಬೂದು ಮಳೆಯಂಗಿ, ಜೇಬಿನ ದಿಕ್ಸೂಚಿಯ ಭಾರಕ್ಕೆ ಬಲಕ್ಕೆ ಜೋತುಬಿದ್ದು, ಆಸಾಮಿಯೇ ಸೊಟ್ಟ ಎಂಬ ಭ್ರಮೆ ಹುಟ್ಟಿಸುತ್ತಿತ್ತು.

ಅವರು ಪ್ರಸಾರ ನಿಯಂತ್ರಣ ಕಚೇರಿಯವರು. ಹೊಸದಾಗಿ ಬರಲಿದ್ದ ಡಿಜಿಟಲ್ ಟೀವಿಗೆ ಆಕಾಶದಲ್ಲಿ ಜಾಗ ಬೇಕಾಗಿತ್ತು. ನಮ್ಮ ಒಳಸಮುದ್ರದ ಆಕಾಶವೋ, ಎರಡು ದಡಗಳ ಪ್ರಸಾರ ಗೋಪುರಗಳಿಂದ ಸಂತೆಯಾಗಿತ್ತು. ಹಳೆಯ ಚಾನೆಲ್‌ಗಳನ್ನು ಎಬ್ಬಿಸಿ ಬೇರೆ ಸಂಖ್ಯೆಗಳಲ್ಲಿ ಕೂರಿಸುವುದು ಅವರ ಕೆಲಸ. ಮನೆಮನೆಯ ಟೀವಿಗಳನ್ನು ಹೊಸ ಸಂಖ್ಯೆಗೆ ಹೊಂದಿಸುವ ಗುತ್ತಿಗೆ ನನ್ನ ವಿದ್ಯುತ್ ಸಾಮಾನಿನ ಅಂಗಡಿಯದು. ಹೀಗೆ ಜೊತೆಯಾದೆವು. ನನಗೆ ಪ್ರತಿ ಮನೆಯೂ ಒಂದು ಗಿರಾಕಿ, ಅವರಿಗೆ ಪ್ರತಿ ಮನೆಯೂ ಒಂದು ಸಂಶಯ.

ದ್ವೀಪದ ಉತ್ತರ ಕೇರಿಯಲ್ಲಿ ಅವರು ತಟ್ಟನೆ ನಿಂತರು. ಅಲ್ಲಿನ ಒಂದು ಆಂಟೆನಾವೂ ನಮ್ಮ ಗುಡ್ಡದ ಗೋಪುರಕ್ಕೆ ಮುಖ ಮಾಡಿರಲಿಲ್ಲ. ಗುಡ್ಡದ ಬೆನ್ನು ಅಡ್ಡ ಬರುವುದರಿಂದ ಕೇರಿಯವರೆಲ್ಲ ಸಮುದ್ರದಾಚೆಯ ಪಕ್ಕದ ಪ್ರಾಂತದ ಗೋಪುರವನ್ನೇ ನಂಬಿದ್ದರು. ನಮ್ಮ ಗುಡ್ಡದ ಗೋಪುರಕ್ಕೆ ಗೊತ್ತುಮಾಡಿದ್ದ ಹೊಸ ಸಂಖ್ಯೆಯೋ, ಆ ಆಚೆಯ ಚಾನೆಲ್ಲಿನದೇ. ಸಂಖ್ಯೆ ಬದಲಾಗುವ ಜುಲೈ ಬಂದರೆ, ಎರಡೂ ಒಂದೇ ಸಂಖ್ಯೆಯಲ್ಲಿ ಬಡಿದಾಡಿ ಆಚೆಯ ಚಿತ್ರ ಅಳಿಸಿಹೋಗುವುದು ಖಂಡಿತ. ಆದರೆ ಕಚೇರಿಯ ಸಮೀಕ್ಷೆಯಲ್ಲಿ ಕೇರಿಗೆ ಕೇರಿಯೇ ‘ತೊಂದರೆಯಿಲ್ಲ’ ಎಂದಿತ್ತು.

ಆಕ್ಟೋಪಸ್ ಹಿಡಿಯುವ ಶಿಗೆಕಿಯ ಹೆಂಡತಿ ಮಿತ್ಸುಯೊ ಬಾಗಿಲಲ್ಲೇ ನಗುತ್ತ, “ಚಿತ್ರ ಚೆನ್ನಾಗೇ ಬರ್ತದೆ ಸಾಹೇಬ್ರೇ, ನೀವ್ಯಾಕೆ ಸುಮ್ನೆ ದಣೀತೀರಿ” ಎಂದಳು. ಕುವಾಮೊಟೊ ಹಲ್ಲಿನ ಸಂದಿಯಿಂದ ಉಸಿರೆಳೆದರು. ಅದು ಅವರ ಅಸಮ್ಮತಿ. ಆಂಟೆನಾವನ್ನು ಗುಡ್ಡದ ಕಡೆ ತಿರುಗಿಸಲು ನನಗೆ ಹೇಳಿದರು. ಆ ಆಂಟೆನಾ ಮಾರಿದ ತಪ್ಪಿಗೆ ಮಾಡು ಹತ್ತಿದೆ. ಇಳಿದು ಬಂದಾಗ ಟೀವಿಯ ತುಂಬ ಇರುವೆ ಮುತ್ತಿದ ಹಾಗೆ ಚುಕ್ಕಿಗಳು.

“ಆಚೆಯದು ಹೋದ್ಮೇಲೆ ನಿಮ್ಗೆ ಉಳಿಯೋದು ಇದು. ಚೆನ್ನಾಗಿದೆಯಾ?” ಎಂದರು ಕುವಾಮೊಟೊ.

ಮಿತ್ಸುಯೊ ನಗುವುದನ್ನು ಬಿಟ್ಟಳು. “ನಮ್ಮೋರು ಬಲೆ ಹಾಕೋದು ಆಚೆ ಜಲಸಂಧೀಲಿ. ಅಲ್ಲಿನ ಗಾಳಿ ಸುದ್ದಿ ಹೇಳೋದು ಆ ಚಾನೆಲ್ಲೊಂದೇ. ಅದಿಲ್ದೆ ಇವ್ರನ್ನ ಹ್ಯಾಗೆ ಕಳಿಸ್ಲಿ?”

“ಸಮೀಕ್ಷೆಯೋರು ಬಂದಾಗ ಹೇಳ್ಬಾರ್ದಿತ್ತಾ?”

“ಪಾಪ, ಅಷ್ಟು ದೂರದಿಂದ ಬಂದು ಕೇಳ್ತಿದ್ರು. ಅವ್ರ ಮನಸ್ಸಿಗೆ ಬೇಜಾರಾಗ್ಬಾರ್ದಲ್ಲ.”

ಅಂಗಡಿಗೆ ಮರಳಿ, ನನ್ನದೇ ಫೋನಿನಲ್ಲಿ, ಕುವಾಮೊಟೊ ತಮ್ಮ ಮೇಲಧಿಕಾರಿಯೊಂದಿಗೆ ಬಹಳ ಹೊತ್ತು ಕಾದಾಡಿದರು. ಪರಪ್ರಾಂತದ ಗೋಪುರ ನೋಡುವವರು ನಿಯಮದ ಪ್ರಕಾರ ಇಲ್ಲವೇ ಇಲ್ಲ, ಇಲ್ಲದವರಿಗೆ ರಕ್ಷಣೆ ಎಲ್ಲಿಯದು ಎಂಬುದು ಫೋನಿನ ಆ ತುದಿಯ ವಾದವೆಂದು ಊಹಿಸಿದೆ, ಏಕೆಂದರೆ ಇವರು ಶಾಂತವಾಗಿ, “ಇಲ್ಲದೋರ ಮನೇಲೇ ಈಗ ಆಕ್ಟೋಪಸ್ ಅನ್ನ ತಿಂದ್ಕೊಂಡು ಬಂದೆ, ಸಾರ್. ಎರಡ್ನೇ ಸಲ ಬಡಿಸಿದ್ರು” ಎಂದರು.

ಒಂದು ಸಂಖ್ಯೆ ಸರಿಸಿದರೆ ಅಕ್ಕಪಕ್ಕದ ದ್ವೀಪಗಳದೂ ಸರಿಯಬೇಕು. ತುಂಬಿದ ಸ್ನಾನದ ತೊಟ್ಟಿಗೆ ಇನ್ನೊಬ್ಬ ಇಳಿದ ಹಾಗೆ. ಮುಗಿದಿದ್ದ ಯೋಜನೆಯನ್ನು ಬಿಚ್ಚಿ, ಬಡ್ತಿಯ ವರ್ಷದಲ್ಲಿ ಮೇಲಿನವರ ಮುನಿಸು ಕಟ್ಟಿಕೊಂಡು, ದ್ವೀಪದಿಂದ ದ್ವೀಪಕ್ಕೆ ಅಲೆದು ಅವರು ನಮ್ಮ ಗುಡ್ಡಕ್ಕೆ ಬೇರೊಂದು ಸಂಖ್ಯೆ ಹುಡುಕಿದರು. ಜುಲೈಯಲ್ಲಿ ಗೋಪುರ ಅದಕ್ಕೆ ಬದಲಾದ ಬೆಳಗ್ಗೆ ಮಿತ್ಸುಯೊಳ ಟೀವಿಯಲ್ಲಿ ಆಚೆ ದಡದ ಚಾನೆಲ್ಲಿನ ಹುಡುಗಿ, ಜಲಸಂಧಿಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಜೋರು ಎಂದು ಸ್ಫುಟವಾಗಿ ಹೇಳಿದಳು. ಶಿಗೆಕಿ ಹಾಕಿದ ಬೂಟನ್ನು ಕಳಚಿಟ್ಟು ಮತ್ತೆ ಮಲಗಿದ.

ಕರುಣೆಯಿಂದ ಒಪ್ಪುವ ಅಧಿಕಾರಿಗಳನ್ನು ಕಂಡಿದ್ದೇನೆ, ವಿನಯದಿಂದ ನಿರಾಕರಿಸುವವರನ್ನೂ ಬಲ್ಲೆ. ಮೂರನೆಯ ಜಾತಿಯೊಂದಿದೆ: ನಮ್ಮ ಸೌಜನ್ಯವನ್ನು ನಂಬದಷ್ಟು ಒರಟರು, ಹಾಗಾಗಿಯೇ ನಮಗೆ ನಿಜವಾಗಿ ಒದಗುವವರು. ಅಂಥವರು ಬಂದುಹೋದ ಊರಿನಲ್ಲಿ ಜನ ಸ್ವಲ್ಪ ಕಾಲ ನಿಜವನ್ನೇ ಆಡುತ್ತಾರೆ. ಆ ಬೇಸಗೆಯಲ್ಲಿ ನನ್ನ ಅಂಗಡಿಗೆ ಬಂದಷ್ಟು ದೂರುಗಳು ಮತ್ತೆಂದೂ ಬರಲಿಲ್ಲ.