ಒಸಿ ದಿನ ತಡಿ

ದಿವ್ಯಳಿಗೆ ಯಾವುದನ್ನೂ ತೀರ್ಮಾನಿಸಲು ಬರುತ್ತಿರಲಿಲ್ಲ. ಬಿ.ಕಾಂ. ಮುಗಿಸಿ ಹಾರೋಹಳ್ಳಿಯ ಒಂದು ಫ್ಯಾಕ್ಟರಿ ಸೇರಿದ್ದಳು. ದೊಡ್ಡಆಲಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಸೋದರತ್ತೆ ದಾಸಮ್ಮನ ಮಗ ಶ್ರೀನಿವಾಸ ಅದೇ ಊರಿನಲ್ಲಿ ಕುರಿ ಸಾಕಿಕೊಂಡಿದ್ದ. ಅವನನ್ನು ಮದುವೆಯಾಗುವುದೋ, ಸೂಪರ್‌ವೈಸರ್ ಆಗಿ ಕಂಪನಿಯ ಹೊಸೂರು ಘಟಕಕ್ಕೆ ಹೋಗುವುದೋ? ಎರಡೂ ಬೇಕೆನಿಸುತ್ತಿತ್ತು. ಎರಡಕ್ಕೂ ಹೆದರುತ್ತಿದ್ದಳು.

"ಒಸಿ ದಿನ ತಡಿ ಭಾವ," ಎಂದಳು.

ಶ್ರೀನಿವಾಸ ಕಾದ. ಮಾಗಡಿ ಕಡೆಯಿಂದ ಒಳ್ಳೆಯ ಸಂಬಂಧ ಬಂದಾಗ ಹುಡುಗಿಯನ್ನು ನೋಡಲೂ ಹೋಗದೆ ಬೇಡವೆಂದ. ಆ ಸುದ್ದಿ ಕೇಳಿದ ಸಂಜೆ ದಿವ್ಯಳಿಗೆ ಖುಷಿಯಾಯಿತು. ಬೆಳಗಾಗುವ ಹೊತ್ತಿಗೆ ಅದೇ ಭಾರವಾಗಿತ್ತು.

"ನಿಮ್ಮನೆಗೆ ಬಂದ್ರೆ ನಾನೂ ಕುರಿ ಹಿಕ್ಕೆ ಬಾಚ್ತಾ ಕೂತ್ಕಬೇಕು. ಅದ ನೆನೆಸ್ಕಂಡ್ರೆ ಭಯ ಆಯ್ತದೆ," ಎಂದಳು ಇನ್ನೊಂದು ದಿನ.

"ಕುರಿ ಇಲ್ದಿದ್ರೆ?"

"ಆಗ ಹೇಳ್ತೀನಿ. ನೀನೂ ಹಾರೋಹಳ್ಳಿಗೆ ಕೆಲ್ಸಕ್ಕೆ ಬಂದ್ರೆ ನಂಗೂ ಧೈರ್ಯ ಬತ್ತದೆ."

ಅವಳು ಸುಳ್ಳು ಹೇಳಲಿಲ್ಲ. ಆ ಹೊತ್ತಿಗೆ ಹಾಗೇ ಅನಿಸಿತ್ತು.

ಬಕ್ರೀದ್‌ಗೆ ಮುಂಚೆ ರಾಮನಗರದ ವ್ಯಾಪಾರಿ ಮಕ್ಬೂಲ್ ಲಾರಿ ತಂದ. ಆ ಮನೆಯಲ್ಲಿ ವರ್ಷವೂ ಟಗರು ಕೊಳ್ಳುತ್ತಿದ್ದವನು. ಕುರಿ ರೊಪ್ಪದೊಳಕ್ಕೆ ಬಂದು ನೋಡಿ ನಿಂತುಬಿಟ್ಟ.

"ದಾಸಮ್ಮೋರೆ, ಗಬ್ಬದ ಕುರೀನೂ ಮಾರ್ತೀರಾ? ಇವು ನಂಗ್ ಬ್ಯಾಡ. ಮಡಿಕ್ಕಳಿ."

ದಾಸಮ್ಮ ಮಗನ ಮುಖ ನೋಡಿದಳು.

"ಎಲ್ಲಾನೂ ಏರ್ಸಿ ಸಾಬ್ರೆ," ಎಂದ ಶ್ರೀನಿವಾಸ. "ಗಬ್ಬದವ ಯಾರಾರ ಸಾಕೋರಿಗೆ ಕೊಟ್ಬುಡಿ."

ಲಾರಿ ಹೋದ ಮೇಲೂ ದಾಸಮ್ಮ ಬೆಳಿಗ್ಗೆ ಕೊಯ್ದು ತಂದ ಸೊಪ್ಪಿನ ಕಂತೆಯನ್ನು ಕಂಕುಳಲ್ಲಿ ಹಿಡಿದುಕೊಂಡೇ ನಿಂತಿದ್ದಳು.

ಶ್ರೀನಿವಾಸನಿಗೆ ದಿವ್ಯಳ ಫ್ಯಾಕ್ಟರಿಯಲ್ಲೇ ಗುತ್ತಿಗೆ ಮೇಲೆ ಲೋಡಿಂಗ್ ಕೆಲಸ ಸಿಕ್ಕಿತು. ಮೊದಲ ದಿನ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಅವಳ ಟೇಬಲ್ಲಿನತ್ತ ನಡೆದು ಬಂದ. ದೊಗಳೆ ಯೂನಿಫಾರಂ, ಮೈಯೆಲ್ಲ ಗ್ರೀಸು. ಜೊತೆಗೆ ಕೂತಿದ್ದ ಸಾನಾ ಪಿಸುಗುಟ್ಟಿದಳು, "ಯಾರೇ ಅದು?"

"ನಮ್ಮೂರೋನು," ಎಂದಳು ದಿವ್ಯ, ತಲೆ ಎತ್ತದೆ.

ಅವನಿಗೆ ಕೇಳಿಸಿತು. ತಟ್ಟೆ ಹಿಡಿದುಕೊಂಡು ಬೇರೆ ಕಡೆ ಹೋಗಿ ಕೂತ.

ಸಂಜೆ ಬಸ್‌ಸ್ಟಾಪಿನಲ್ಲಿ ಕೇಳಿದ. "ಈಗ್ಲಾದ್ರೂ ಹೇಳು ದಿವ್ಯ."

ಅವಳು ಅವನನ್ನು ನೋಡಿದಳು. ಹೊಲದ ಬದುವಿನ ಮೇಲೆ ಕೋಲು ಹೆಗಲಿಗಿಟ್ಟು ನಿಲ್ಲುತ್ತಿದ್ದ ಶ್ರೀನಿವಾಸ ಇವನಲ್ಲ. ಅವನನ್ನು ತಾನು ಇಷ್ಟಪಟ್ಟಿದ್ದು ಈಗ ಗೊತ್ತಾಯಿತು. ಇವನು ಬೇಡವೆನ್ನುವುದೂ ಗೊತ್ತಾಯಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳಿಗೆ ಅನುಮಾನವೇ ಇರಲಿಲ್ಲ.

"ಬ್ಯಾಡ ಭಾವ. ನಾನು ಹೊಸೂರಿಗೆ ಹೋಗ್ತೀನಿ."

"ನೀನ್ ಹೇಳ್ದೆ ಅಂತ ಕುರಿ ಮಾರ್ದೆ ಕಣೆ."

"ಮಾರು ಅಂತ ನಾನೆಲ್ಲಿ ಅಂದೆ? ಭಯ ಆಯ್ತದೆ ಅಂದೆ ಅಷ್ಟೆ."

ಬಸ್ಸು ಬಂತು. ಅವಳು ಹತ್ತಿದಳು. ಅವನು ಹತ್ತಲಿಲ್ಲ.

ಭಾನುವಾರ ದಾಸಮ್ಮ ದಿವ್ಯಳನ್ನು ಕಾಣಲು ಅಣ್ಣನ ಮನೆಗೆ ಬಂದಳು. ಒಳಗೆ ಕರೆದರೂ ಜಗುಲಿ ದಾಟಲಿಲ್ಲ.

"ಒಲ್ಲೆ ಅಂತ ಮೊದ್ಲೇ ಒಂದ್ ಮಾತು ಅಂದಿದ್ರೆ ಆಗ್ತಿರ್ಲಿಲ್ವೇನವ್ವ?"

"ನಂಗೇ ಗೊತ್ತಿರ್ಲಿಲ್ಲ ಅತ್ತೆ."

"ನಿಂಗೆ ಗೊತ್ತಾಗಾಕೆ ನನ್ ಮಗನ ಬದುಕೇ ಬೇಕಾಗಿತ್ತಾ?"

ದಾಸಮ್ಮ ಎದ್ದು ಸೆರಗು ಕೊಡವಿಕೊಂಡು ಹೋದಳು. ಆಮೇಲೆ ಅಣ್ಣನ ಮನೆಯ ಬಾಗಿಲಿಗೆ ಬರಲಿಲ್ಲ.

ದಿವ್ಯ ಹೊಸೂರು ಸೇರಿದಳು. ಶ್ರೀನಿವಾಸ ಲೋಡಿಂಗ್ ಬಿಟ್ಟು, ಊರಿನಲ್ಲಿ ಬೇರೆಯವರ ಕುರಿ ಮೇಯಿಸಲು ಕೂಲಿಗೆ ನಿಂತ. ಆ ಸುದ್ದಿ ತಾಯಿ ಫೋನಿನಲ್ಲಿ ಹೇಳಿದಾಗ ದಿವ್ಯ, "ಸದ್ಯ, ಕೆಲಸ ಆದ್ರೂ ಐತಲ್ಲ," ಎಂದಳು.