ಯಜಮಾನರ ಸಹಿ

ಜಗಳೂರಿನ ಉಚ್ಚಂಗೆಪ್ಪ ಬರೀ ಡಾಕ್ಟರಾಗಿದ್ದರೆ ಊರು ಹೇಗೋ ತಡೆದುಕೊಳ್ಳುತ್ತಿತ್ತು. ೧೯೮೬ರಲ್ಲಿ ಆತ ಸಂಶೋಧಕನೂ ಆಗಿಬಿಟ್ಟ. ವಿಷಯ ಅನ್ನನಾಳದ ಕ್ಯಾನ್ಸರು. ಮನೆಗೆ ಬಂದವರು ಪಾಠ ಕೇಳದೆ ಏಳುವಂತಿರಲಿಲ್ಲ, ಪಾಪ.

"ಜೀವಕೋಶದ ಮೈಮೇಲೆ ಗ್ರಾಹಕ ಅಂತ ಇರ್ತಾವೆ ನೋಡ್ರಿ. ಬೆಳಿ ಅಂತ ಹೊರಗಿಂದ ಸುದ್ದಿ ಬಂದ್ರೆ ಹಿಡ್ಕಂತಾವೆ. ಬಾಗಿಲಾಗೆ ನಿಂತೋರು ಪಡಸಾಲೆಗೆ, ಪಡಸಾಲೆಯೋರು ಅಡಿಗೆಮನೆಗೆ ಹೇಳ್ದಂಗೆ, ಒಂದು ಪ್ರೋಟೀನು ಇನ್ನೊಂದಕ್ಕೆ ದಾಟಿಸಿ ಒಳಗೆ ಮುಟ್ಟಿಸ್ತಾವೆ. ಕ್ಯಾನ್ಸರ್‌ನಾಗೆ ಈ ಗ್ರಾಹಕ ವಿಪರೀತ. ಬಣ್ಣ ಹಾಕಿದ್ರೆ ಕಂದು ಬಣ್ಣಕ್ಕೆ ಕಾಣ್ತಾವೆ. ಅದೇ ಗುರುತು!"

ಬಾಗಿಲ ಮರೆಯಿಂದ ತಾಯಿ ಉಡಚಮ್ಮ ಒಮ್ಮೆ ಕೇಳಿದಳು: "ಸುದ್ದಿ ಒಳಗೆ ಒಯ್ಯಾಕೆ ಇಷ್ಟು ಜನ ಅದಾರೆ. ಒಳಗಿಂದು ಹೊರಗೆ ತರಾಕೆ ಯಾರೂ ಇಲ್ಲೇನಪ್ಪ?"

"ಅದು ನನ್ನ ವಿಷಯ ಅಲ್ಲವ್ವ" ಎಂದು ಮಗ ನಕ್ಕ.

ರೋಗಿಗಳನ್ನು ಹುಡುಕಲು ಆತ ಇನ್ನೂರು ಮನೆಗೆ ಅಲೆದ. ಕೈಯಲ್ಲಿ ಅಚ್ಚು ಹಾಕಿಸಿದ ಫಾರಂ. ಮನೆಯಲ್ಲಿ ಯಾರಿಗಾದರೂ ನುಂಗುವಾಗ ರೊಟ್ಟಿ ಸಿಕ್ಕಿಕೊಳ್ಳುತ್ತದೆಯೇ? ಕೆಳಗೆ ಯಜಮಾನರ ಸಹಿ. ಯಜಮಾನರೋ, ಉಂಡು ಕೈ ತೊಳೆದು ಕಟ್ಟೆ ಮೇಲೆ ಕೂತವರು. ತಮ್ಮ ಗಂಟಲ ತೊಂದರೆ ಇದ್ದರೆ ಬರೆಸಿದರು, ಹೆಂಗಸರ ಮಾತು ಬಂದರೆ "ನಮ್ಮನೆಯಾಗೆ ಎಲ್ರೂ ಚೆನ್ನಾಗಿ ಉಣ್ತಾರೆ ಬಿಡ್ರಿ" ಎಂದು ಸಹಿ ಗೀಚಿಕೊಟ್ಟರು. ಇವರು ಎದ್ದ ಮೇಲೆ ತಾನೇ ಹೆಂಗಸರು ತಟ್ಟೆ ಮುಂದೆ ಕೂರುವುದು? ಅವರು ಉಂಡದ್ದನ್ನು ಕಂಡ ಪುಣ್ಯಾತ್ಮ ಒಬ್ಬನೂ ಇರಲಿಲ್ಲ.

ಲೆಕ್ಕ ಹಾಕಿದರೆ ಏನಾಶ್ಚರ್ಯ! ಜಗಳೂರಿನ ಹೆಂಗಸರಿಗೆ ಈ ರೋಗವೇ ಇಲ್ಲ. ಅವರ ಜೀವಕೋಶದಲ್ಲಿ ಕಾಪಾಡುವ ಗುರುತೊಂದು ಇರಲೇಬೇಕೆಂದು ಉಚ್ಚಂಗೆಪ್ಪ ಹದಿನೇಳು ಪುಟ ಬರೆದ. ಅಪ್ಪ ತೀರಿದ ಮೇಲೆ ಮನೆಗೆ ತಾನೇ ಯಜಮಾನ, ಹಾಗಾಗಿ ತನ್ನ ಮನೆಯ ಫಾರಮನ್ನೂ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತ ತಾನೇ ತುಂಬಿದ್ದ. ತಾಯಿ: ಇಲ್ಲ. ಸಹಿ.

ಆ ಪುಟಗಳನ್ನು ಓದಿ ಬೆಂಗಳೂರಿನಿಂದ ಪ್ರೊಫೆಸರಮ್ಮ ಒಬ್ಬರು ಬಂದರು. ಊಟಕ್ಕೆ ಕೂತವರು, "ಅಮ್ಮ, ನೀವೂ ಬನ್ನಿ. ನೀವು ಕೂರದೆ ನಾನು ತುತ್ತು ಮುಟ್ಟೋಲ್ಲ" ಎಂದು ಹಟ ಹಿಡಿದರು. ಉಡಚಮ್ಮ ಎಷ್ಟು ಕೊಸರಿದರೂ ಬಿಡಲಿಲ್ಲ. ಕಡೆಗೆ ಕೂತಳು. ಜೋಳದ ರೊಟ್ಟಿ ಮುರಿದು, ಸಾರಿನಲ್ಲಿ ನೆನೆಸಿ, ಒಂದು ತುತ್ತು ಬಾಯಿಗಿಟ್ಟಳು. ಅದು ಇಳಿಯಲಿಲ್ಲ. ಎದೆ ಹಿಡಿದುಕೊಂಡು ಹಿತ್ತಲಿಗೆ ಓಡಿದಳು.

ಉಚ್ಚಂಗೆಪ್ಪ ಎಂಜಲು ಕೈಯಲ್ಲೇ ಹಿಂದೆ ಓಡಿದ. ರವಿಕೆ ತೋಳು ಅಷ್ಟು ಸಡಿಲವಾಗಿದ್ದನ್ನು ಅವತ್ತೇ ಕಂಡ.

"ಯಾವಾಗಿಂದ ಅವ್ವ?"

"ಯುಗಾದಿಯಿಂದ. ಮೊದ್ಲು ರೊಟ್ಟಿ ನಿಲ್ತಿತ್ತು. ಈಗ ಅನ್ನನೂ ನಿಲ್ತೈತೆ. ಮಜ್ಜಿಗೆ ಕುಡ್ಕಂಡು ಇದೀನಿ."

"ನನಗ್ಯಾಕೆ ಹೇಳಲಿಲ್ಲ?"

ಉಡಚಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಹೇಳಾನ ಅಂತಿದ್ದೆ ಕಣಪ್ಪ. ಅಷ್ಟರಾಗೆ ನೀನು ಇಲ್ಲ ಅಂತ ಬರ್ದು ಸಹಿ ಹಾಕ್ದೆ. ದೊಡ್ಡ ಡಾಕ್ಟ್ರು ನನ್ಮಗ, ನೋಡೇ ಬರ್ದಿರ್ತಾನೆ ಅನ್ಕಂಡು ಸುಮ್ನಾದೆ."